ಏಕತಾರಿಯ ಜಾಗದಲ್ಲಿ ಗಿಟಾರು

ಹೋದ ಬೇಸಿಗೆ ಬಸವ ಜಯಂತಿಯ ರಾತ್ರಿ ನಮ್ಮ ಹತ್ತಿಮತ್ತೂರಿನ ಭಜನಿ ಮೇಳದಲ್ಲಿ ಒಂದು ಸಣ್ಣ ಜಗಳವಾಯಿತು. ಕಾರಣ ನಮ್ಮಣ್ಣನ ಮಗ. ಹುಬ್ಬಳ್ಳಿಯಲ್ಲಿ ಕಾಲೇಜು ಓದುವ ಹುಡುಗ ಹೆಗಲಿಗೆ ಗಿಟಾರು ಹಾಕಿಕೊಂಡು ಬಂದು, ಶರೀಫಜ್ಜನ ಗುಡಗುಡಿಯ ಪದಕ್ಕೆ ತಾನೂ ಬಾರಿಸುತ್ತೇನೆಂದು ಕೂತ. ಹಾರ್ಮೋನಿಯಂ ಹಿಡಿದಿದ್ದ ಹಿರಿಯರು ಏನೂ ಅನ್ನಲಿಲ್ಲ. ಅಂದವನು ನಾನು. "ಇದು ನಿಮ್ಮ ಕಾಲೇಜಿನ ಗ್ಯಾದರಿಂಗ್ ಅಲ್ಲೋ ತಮ್ಮಾ" ಎಂದೆ. ಹುಡುಗ ಗಿಟಾರನ್ನು ಚೀಲದೊಳಗಿಟ್ಟು ಎದ್ದು ಹೋದ. ಏಕತಾರಿ ಮೀಟುವ ಅಜ್ಜ ತೀರಿಕೊಂಡ ಮೇಲೆ ಮೇಳದಲ್ಲಿ ಅವರ ಜಾಗ ಖಾಲಿಯೇ ಇತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಅವನೇ ಬಂದು ಮೊಬೈಲು ಮುಂದೆ ಹಿಡಿದ. "ಕಾಕಾ, ಬೈಯೂದಕ್ಕ ಭಾಳ ಅವಸರ ಮಾಡಿದ್ರಿ. ಇವೆರಡು ನೋಡ್ರಿ."

ಮೊದಲನೆಯದು ರಘು ದೀಕ್ಷಿತರ ಹಾಡುಗಾರಿಕೆ. ಮೈಸೂರಿನಲ್ಲಿ ಬೆಳೆದ ಈ ಗಾಯಕ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲೇ ಶರೀಫರನ್ನು ಗಿಟಾರಿಗೆ ಕೂಡಿಸಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಬೇಸಿಗೆ ಸಂಗೀತೋತ್ಸವಕ್ಕೂ ಹೋಗಿ ಹಾಡಿ ಬಂದರು. ಲುಂಗಿ, ಕಾಲಿಗೆ ಗೆಜ್ಜೆ, ಎದೆಯ ಮೇಲೆ ಗಿಟಾರು. ಪಕ್ಕದ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಅಜ್ಜನ ಪದ ಇಂಥವರ ಬಾಯಿಗೆ ಬಿತ್ತೆಂದರೆ ನಮಗೆ ಹಿಗ್ಗಾಗದೆ ಇರುತ್ತದೆಯೇ? ಕಂಠವೂ ದೊಡ್ಡದು, ಮುಚ್ಚುಮರೆಯಿಲ್ಲದ್ದು. ನಾಗಾಭರಣರ 1990ರ ಸಿನಿಮಾದಲ್ಲಿ ಸಿ. ಅಶ್ವತ್ಥ್ ಕೂಡಿಸಿದ ಧಾಟಿಗಳನ್ನೇ ಮೂಲ ಎಂದು ನಂಬಿದ್ದ ನಮ್ಮಂಥವರಿಗೆ ಇನ್ನೊಂದು ದಾರಿಯೂ ಇದೆ ಎಂದು ತೋರಿಸಿದ್ದು ಅವರ ಹೆಚ್ಚುಗಾರಿಕೆ.

ಆದರೂ ನನ್ನ ತಕರಾರು ಉಳಿಯಿತು. ಅದು ಗಿಟಾರಿನ ಮೇಲಲ್ಲ, ವೇಗದ ಮೇಲೆ. ಗುಡಗುಡಿಯ ಪದ ಮೊದಲು ನಗಿಸುತ್ತದೆ. ಆಮೇಲೆ ನಕ್ಕವನನ್ನೇ ಹಿಡಿಯುತ್ತದೆ. ಮನಸ್ಸೇ ಸಂಚಿ, ಮೋಹವೇ ಭಂಗಿಸೊಪ್ಪು, ಬುದ್ಧಿಯೇ ಬೆಂಕಿ ಎಂದು ಒಂದೊಂದಾಗಿ ಬಿಚ್ಚುತ್ತಾ ಹೋಗುವಾಗ ಕೇಳುವವನಿಗೆ ಉಸಿರಾಡಲು ಜಾಗ ಬೇಕು. ನಮ್ಮ ಮೇಳದಲ್ಲಿ ಒಂದು ನುಡಿ ಮುಗಿದ ಮೇಲೆ ಯಾರಾದರೂ "ತಡೀರಿ, ಅದರ ಅರ್ಥ ಹೇಳ್ರಿ" ಅನ್ನುತ್ತಾರೆ. ಹಾಡುವವ ಹೇಳಲೇಬೇಕು, ಹೇಳದಿದ್ದರೆ ಮುಂದಿನ ನುಡಿಗೆ ಬಿಡುವುದಿಲ್ಲ. ದೊಡ್ಡ ವೇದಿಕೆಯಲ್ಲಿ ಡ್ರಮ್ಮು ನಿಲ್ಲುವುದಿಲ್ಲ, ಜನ ಕುಣಿಯುತ್ತಾರೆ. ದೀಕ್ಷಿತರು ಹಾಡಿನ ಮೊದಲು ಅರ್ಥ ಹೇಳುವುದುಂಟು, ಅದು ಒಳ್ಳೆಯದೇ. ಆದರೆ ಮೊದಲೇ ಹೇಳಿದ ಅರ್ಥ ಬೇರೆ, ನಡುವೆ ತಡೆದು ಕೇಳಿದ ಅರ್ಥ ಬೇರೆ.

ಎರಡನೆಯದು ಕಪ್ಪುಬಿಳುಪು ಚಿತ್ರ. ತಲೆಗೆ ಹ್ಯಾಟು, ಕುರ್ಚಿಯ ಮೇಲೆ ಕೂತ ಒಬ್ಬ ಮುದುಕ: ಮಿಸಿಸಿಪ್ಪಿ ಜಾನ್ ಹರ್ಟ್. ಅಮೆರಿಕದ ಹತ್ತಿ ಸೀಮೆಯವ, ಹೊಲದಲ್ಲಿ ದುಡಿದುಂಡ ಮನುಷ್ಯ. ಬ್ಲೂಸ್ ಎಂದು ಕರೆಯುವ ಅಲ್ಲಿನ ಕಪ್ಪು ಜನರ ಹಾಡುಗಳನ್ನೂ ಹಳ್ಳಿಯ ಕಥನಗೀತಗಳನ್ನೂ 1928ರಲ್ಲಿ ಕೆಲವು ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ. ತಟ್ಟೆ ಮಾರಾಟವಾಗಲಿಲ್ಲ, ತಿರುಗಿ ಹೊಲಕ್ಕೆ ಹೋದ. 1963ರಲ್ಲಿ ಯಾರೋ ಹುಡುಕಿಕೊಂಡು ಅವನ ಊರಿಗೇ ಬಂದರು. ಅದೇ ಬೇಸಿಗೆಯಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡುವಾಗ ಅವನಿಗೆ ಎಪ್ಪತ್ತರ ಪ್ರಾಯ.

ಅವನ ಹೆಬ್ಬೆರಳು ನೋಡಬೇಕು. ದಪ್ಪ ತಂತಿಗಳ ಮೇಲೆ ಒಂದೇ ಹದದಲ್ಲಿ ನಡೆಯುತ್ತಲೇ ಇರುತ್ತದೆ. ಉಳಿದ ಬೆರಳುಗಳು ಹಾಡಿನ ಧಾಟಿ ನುಡಿಸುತ್ತವೆ. ಒಂದು ಕೈಯಲ್ಲಿ ಏಕತಾರಿ, ಇನ್ನೊಂದರಲ್ಲಿ ಚಿಟಿಕೆ ಹಿಡಿದ ನಮ್ಮ ಅಜ್ಜನ ಕೆಲಸವನ್ನೇ ಈತ ಒಂದೇ ಗಿಟಾರಿನಲ್ಲಿ ಮಾಡುತ್ತಿದ್ದ. ದನಿ ಏರಿಸುವುದಿಲ್ಲ. ಪಕ್ಕದ ಮನೆಯವರಿಗೆ ಹೇಳುವಷ್ಟೇ ಸದ್ದಿನಲ್ಲಿ ಹಾಡುತ್ತಾನೆ.

ಹತ್ತಿ ಎಂದಾಗ ಒಂದು ಮಾತು ನೆನಪಾಯಿತು. 1840ರ ದಶಕದಲ್ಲಿ ಕಂಪನಿ ಸರಕಾರ ನಮ್ಮ ಧಾರವಾಡ ಸೀಮೆಯ ಎರೆಹೊಲಗಳಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಬಿತ್ತಿಸಿತು. ನಮ್ಮವರು ಅದನ್ನು ವಿಲಾಯತಿ ಹತ್ತಿ ಎಂದರು, ಇಲ್ಲಿಯದನ್ನು ಜವಾರಿ ಎಂದರು. ಶರೀಫಜ್ಜ ಆಗ ಇಪ್ಪತ್ತರ ಹರೆಯದವರು. ಮಿಸಿಸಿಪ್ಪಿ ಹೊಳೆಯ ದಂಡೆಯ ಬೀಜ ನಮ್ಮ ಎರೆಯಲ್ಲಿ ಬೇರು ಬಿಟ್ಟಿರುವಾಗ ಆ ದಂಡೆಯವರ ವಾದ್ಯವನ್ನು ಕಟ್ಟೆಯಿಂದ ಎಬ್ಬಿಸಿ ಕಳಿಸಿದ ನನ್ನ ಜವಾರಿತನ ಎಂಥದು?

ಹುಡುಗನಿಗೆ ತಪ್ಪಾಯಿತೆಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಕಾಕಾಗಳು ಹಾಗೆ ಹೇಳುವುದಿಲ್ಲ. ಹಾರ್ಮೋನಿಯಂ ಹಿರಿಯರನ್ನು ಸಂಜೆ ಚಹಾಕ್ಕೆ ಕರೆದೆ. ಪಡಸಾಲೆಯಲ್ಲಿ ಹುಡುಗ ಡ್ರಮ್ಮಿಲ್ಲದೆ, ಹೆಬ್ಬೆರಳಿನಿಂದ ಒಂದೇ ತಂತಿ ಮೀಟುತ್ತಾ ಗುಡಗುಡಿಯ ಪದ ಎತ್ತಿಕೊಂಡ. ಎರಡು ಕಡೆ ಶ್ರುತಿ ತಪ್ಪಿತು. ಹಿರಿಯರು ಕಣ್ಣುಮುಚ್ಚಿ ಕೇಳುತ್ತಿದ್ದವರು ಒಂದು ನುಡಿ ಮುಗಿಯುತ್ತಲೇ ಕೈಯೆತ್ತಿದರು.

"ತಡಿಯಪಾ. ಬುದ್ಧಿಯನ್ನ ಬೆಂಕಿ ಅಂದಾನಲ್ಲ ಅಜ್ಜ, ಯಾಕಂದಾನ?"

ಹುಡುಗ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. ನನ್ನ ಕಡೆ ನೋಡಿದ. ನಾನು ಚಹಾದ ಕಪ್ಪಿನ ಕಡೆ ನೋಡಿದೆ.