ಸಣ್ಣ ತಂಡಗಳು ಯಾಕೆ ಬೇಕು ಅನ್ನುವ ಪ್ರಶ್ನೆ

ಹಾಕಿಯ ಮಾತು ಬಂದರೆ ಸಾಕು, ನಮ್ಮ ಕ್ರೀಡಾಭಿಮಾನಿಗಳು ನ್ಯಾಯದ ಪಕ್ಷ ಹಿಡಿಯುತ್ತಾರೆ. 1928ರಿಂದ 1964ರ ನಡುವೆ ಏಳು ಒಲಿಂಪಿಕ್ ಚಿನ್ನ ಗೆದ್ದ ದೇಶ ನಮ್ಮದು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಕೂಡ ಗೆದ್ದಿತು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಏಳನೇ ಸ್ಥಾನಕ್ಕೆ ಬಿತ್ತು. ಒಲಿಂಪಿಕ್ಸ್‌ನಲ್ಲಿ ಹಾಕಿಗೆ ಹುಲ್ಲಿನ ಬದಲು ಕೃತಕ ಹಾಸು ಬಂದದ್ದು ಆಗಲೇ ಮೊದಲು. ದುಡ್ಡಿರುವ ದೇಶಗಳು ತಮಗೆ ಅನುಕೂಲವಾಗುವಂತೆ ಆಟದ ನೆಲವನ್ನೇ ಬದಲಾಯಿಸಿದವು, ಮಣ್ಣಿನ ಮೈದಾನದಲ್ಲಿ ಚೆಂಡು ನಿಲ್ಲಿಸಿ, ತಿರುಗಿಸಿ, ಡ್ರಿಬಲ್ ಮಾಡಿ ಆಡುತ್ತಿದ್ದವರ ಕೈಚಳಕ ಒಂದೇ ಏಟಿಗೆ ಬೆಲೆ ಕಳೆದುಕೊಂಡಿತು ಅನ್ನುವುದು ನಮ್ಮ ದೂರು. ಕೊಡಗಿನಿಂದ ಪಂಜಾಬಿನವರೆಗೆ ಹಾಕಿ ಬಲ್ಲವರೆಲ್ಲ ಈ ಮಾತು ಹೇಳುತ್ತಾರೆ, ಅದರಲ್ಲಿ ಹುರುಳೂ ಇದೆ. ಆದರೆ ಪೂರ್ತಿ ನಿಜವಲ್ಲ. ಟರ್ಫಿನ ವಿಷಯದಲ್ಲಿ ನಮ್ಮಷ್ಟೇ ಬಡವರಾಗಿದ್ದ ಪಾಕಿಸ್ತಾನದವರು 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದರು, 1994ರಲ್ಲಿ ವಿಶ್ವಕಪ್ಪನ್ನೂ ಗೆದ್ದರು. ಹಾಗಿದ್ದರೂ ನಮ್ಮ ದೂರಿನ ಹಿಂದಿರುವ ತತ್ವ ಒಪ್ಪುವಂಥದ್ದೇ. ಆಟದ ನಿಯಮ, ನೆಲ, ಸ್ವರೂಪಗಳನ್ನು ಖಜಾನೆ ದೊಡ್ಡದಿರುವವರೇ ನಿರ್ಧರಿಸಬಾರದು.

ಅದೇ ಅಭಿಮಾನಿ ಕ್ರಿಕೆಟ್ಟಿನ ಮಾತಿಗೆ ಬಂದಾಗ ಬೇರೆ ತಕ್ಕಡಿ ಹಿಡಿಯುತ್ತಾನೆ. ಐಸಿಸಿಯ ಆದಾಯದಲ್ಲಿ ಸಿಂಹಪಾಲು ಭಾರತಕ್ಕೆ ಯಾಕೆ ಎಂದರೆ ದುಡ್ಡು ನಮ್ಮದಲ್ಲವೇ ಅನ್ನುತ್ತಾನೆ. ಟೂರ್ನಿ ಶುರುವಾಗುವ ಮುನ್ನವೇ ಭಾರತದ ಸೆಮಿಫೈನಲ್ ಎಲ್ಲಿ ಎಂಬುದು ಹೇಗೆ ಗೊತ್ತು ಎಂದರೆ ನೋಡುವವರು ನಾವಲ್ಲವೇ ಅನ್ನುತ್ತಾನೆ. ವಿಶ್ವಕಪ್ಪಿಗೆ ಹತ್ತೇ ತಂಡ ಯಾಕೆ ಎಂದರೆ ಸಣ್ಣಪುಟ್ಟ ತಂಡಗಳು ಬಂದು ಪಂದ್ಯಾವಳಿಯ ಕಳೆ ಕೆಡಿಸುತ್ತವೆ ಅನ್ನುತ್ತಾನೆ. ಮಾಂಟ್ರಿಯಲ್‌ನ ಹಾಸು ಅನ್ಯಾಯವಾದರೆ 2019 ಮತ್ತು 2023ರ ಹತ್ತು ತಂಡಗಳ ಪುರುಷರ ಏಕದಿನ ವಿಶ್ವಕಪ್ಪೂ ಅನ್ಯಾಯವೇ, ಎರಡರ ಹಿಂದಿರುವ ತರ್ಕ ಒಂದೇ. ಬೇರೆ ಆಟಗಳು ಹೋಗುತ್ತಿರುವ ದಾರಿ ಬೇರೆ. ಫುಟ್‌ಬಾಲ್ ಪುರುಷರ ವಿಶ್ವಕಪ್ 32ರಿಂದ 48 ತಂಡಗಳಿಗೆ, ರಗ್ಬಿ 20ರಿಂದ 24ಕ್ಕೆ ಹಿಗ್ಗಿದವು. ಭುವನೇಶ್ವರದಲ್ಲಿ ನಮ್ಮದೇ ಆತಿಥ್ಯದಲ್ಲಿ ನಡೆದ ಹಾಕಿ ವಿಶ್ವಕಪ್ಪಿಗೂ 16 ತಂಡಗಳು ಬಂದವು. ಕ್ರಿಕೆಟ್ ಮಾತ್ರ 2007ರಲ್ಲಿ 16 ಇದ್ದದ್ದನ್ನು 14ಕ್ಕೆ, ಆಮೇಲೆ 10ಕ್ಕೆ ಇಳಿಸಿಕೊಂಡಿತು.

ಈ ಇಳಿಕೆಯ ಮೂಲ 2007ರ ವೆಸ್ಟ್ ಇಂಡೀಸ್ ವಿಶ್ವಕಪ್ಪಿನಲ್ಲಿದೆ. ಮಾರ್ಚ್ 17ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ಬಾಂಗ್ಲಾದೇಶಕ್ಕೆ ಸೋತಿತು, ಅದೇ ದಿನ ಜಮೈಕಾದಲ್ಲಿ ಪಾಕಿಸ್ತಾನ ಐರ್ಲೆಂಡಿಗೆ ಸೋತಿತು. ಗುಂಪು ಹಂತದಲ್ಲಿ ಮೂರೇ ಪಂದ್ಯಗಳಿದ್ದ ಆ ವ್ಯವಸ್ಥೆಯಲ್ಲಿ ಎರಡೂ ತಂಡಗಳು ಗಂಟುಮೂಟೆ ಕಟ್ಟಿದವು. ಉಪಖಂಡದ ಟೀವಿಗಳು ಆರಿದವು, ಜಾಹೀರಾತುದಾರರು ತಲೆ ಮೇಲೆ ಕೈ ಹೊತ್ತರು. ಆ ಟೂರ್ನಿ ನೀರಸವಾಗಿತ್ತು, ನಿಜ. ಏಳು ವಾರ ಎಳೆದಾಡಿದರು, ಟಿಕೆಟ್ ದುಬಾರಿ ಮಾಡಿದರು, ಕೆರಿಬಿಯನ್ ಜನ ಡೋಲು ಕಹಳೆ ತರುವುದಕ್ಕೂ ನಿರ್ಬಂಧ ಹಾಕಿದರು. ಇವೆಲ್ಲ ಸಂಘಟಕರ ತಪ್ಪು. ಆದರೆ ಬೈಗುಳ ಬಿದ್ದದ್ದು ಸಣ್ಣ ತಂಡಗಳ ಮೇಲೆ. ಭಾರತವನ್ನು ಮನೆಗೆ ಕಳಿಸಿದ್ದು ಶ್ರೀಲಂಕಾ ಮತ್ತು ಬಾಂಗ್ಲಾದೇಶ, ಎರಡೂ ಪೂರ್ಣ ಸದಸ್ಯ ರಾಷ್ಟ್ರಗಳು. ಗುಂಪಿನಲ್ಲಿದ್ದ ನಿಜವಾದ ಸಣ್ಣ ತಂಡ ಬರ್ಮುಡಾ, ಅದರ ಎದುರು ಭಾರತ 413 ರನ್ ಹೊಡೆದು 257 ರನ್‌ಗಳಿಂದ ಗೆದ್ದಿತ್ತು. ಸಣ್ಣವರಿಂದ ನಮಗಾದ ನಷ್ಟ ಏನೂ ಇರಲಿಲ್ಲ. ದೊಡ್ಡ ಮಾರುಕಟ್ಟೆಯ ತಂಡ ಬೇಗ ಸೋತು ಹೋಗಬಹುದು ಎಂಬುದೇ ಆ ವರ್ಷ ಎಲ್ಲರಿಗೂ ಗೊತ್ತಾದ ಅಪಾಯ. ಅದಕ್ಕೆ ಕಂಡುಕೊಂಡ ಪರಿಹಾರವೇ ಎಲ್ಲರೂ ಎಲ್ಲರೊಂದಿಗೆ ಆಡುವ ಹತ್ತು ತಂಡಗಳ ಮಾದರಿ. ಅದರಲ್ಲಿ ಎಷ್ಟು ಕೆಟ್ಟದಾಗಿ ಆಡಿದರೂ ಭಾರತಕ್ಕೆ ಒಂಬತ್ತು ಪಂದ್ಯಗಳು ಖಾತ್ರಿ.

ಹಾಗೆ ಹೊರಗಿಟ್ಟದ್ದು ಏನನ್ನು ಎಂದು ತಿಳಿಯಲು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಒಂದೇ ಒಂದು ರಾತ್ರಿ ಸಾಕು. 2011ರ ಮಾರ್ಚ್ 2. ಮೂರು ದಿನದ ಹಿಂದೆ ಅದೇ ಮೈದಾನದಲ್ಲಿ ಭಾರತ–ಇಂಗ್ಲೆಂಡ್ ಪಂದ್ಯ 338–338ರಲ್ಲಿ ಟೈ ಆಗಿತ್ತು. ಈ ಸಲ ಇಂಗ್ಲೆಂಡ್ 327 ಹೊಡೆದು ಕೂತಿತು. ಐರ್ಲೆಂಡ್ ನಾಯಕ ಪೋರ್ಟರ್‌ಫೀಲ್ಡ್ ಮೊದಲ ಎಸೆತಕ್ಕೇ ಆ್ಯಂಡರ್ಸನ್‌ಗೆ ಬೌಲ್ಡ್. 111 ಆಗುವಷ್ಟರಲ್ಲಿ ಐದು ವಿಕೆಟ್ ಹೋಗಿದ್ದವು. ಆಗ ಆಡುತ್ತಿದ್ದವನು ಕೆವಿನ್ ಓಬ್ರಿಯನ್, ಕ್ಯಾನ್ಸರ್ ಸಹಾಯಾರ್ಥ ತಲೆಗೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ಆಳು. 50 ಎಸೆತಗಳಲ್ಲಿ ಶತಕ ಬಾರಿಸಿದ. ವಿಶ್ವಕಪ್ಪಿನಲ್ಲಿ ಅಲ್ಲಿಯವರೆಗೆ ಅಷ್ಟು ವೇಗದ ಶತಕ ಯಾರೂ ಹೊಡೆದಿರಲಿಲ್ಲ, ಆ ದಾಖಲೆ ಮುರಿದದ್ದು 2023ರಲ್ಲಿ. ಕ್ಯೂಸಾಕ್ ಜೊತೆ 162 ರನ್ ಸೇರಿಸಿದ, 113ಕ್ಕೆ ರನ್‌ಔಟ್ ಆದ. ಕೊನೆಯ ಓವರಿನ ಮೊದಲ ಎಸೆತಕ್ಕೆ ಮೂನಿ ಬೌಂಡರಿ ಹೊಡೆದು ಪಂದ್ಯ ಮುಗಿಸಿದ. ಇದಾಗಿ ತಿಂಗಳು ಕಳೆಯಿತು. ಮುಂಬೈಯಲ್ಲಿ ಧೋನಿ ಸಿಕ್ಸರ್ ಎತ್ತಿ ಎರಡು ದಿನವಾಗಿತ್ತಷ್ಟೇ, ಅದೇ ಊರಿನಲ್ಲಿ ಐಸಿಸಿ ಸಭೆ ಸೇರಿ ಮುಂದಿನ ವಿಶ್ವಕಪ್ಪಿಗೆ ಹತ್ತು ಪೂರ್ಣ ಸದಸ್ಯ ರಾಷ್ಟ್ರಗಳು ಮಾತ್ರ ಎಂದು ತೀರ್ಮಾನಿಸಿತು. ಜಗತ್ತಿನಾದ್ಯಂತ ಛೀಮಾರಿ ಬಿದ್ದ ಮೇಲೆ 2015ಕ್ಕೆ 14 ತಂಡಗಳನ್ನು ಉಳಿಸಿಕೊಂಡರು, 2019ಕ್ಕೆ ಮತ್ತೆ ಹತ್ತಕ್ಕೇ ಬಂದು ನಿಂತರು. ಮೈದಾನದಲ್ಲಿ ಗೆದ್ದವರನ್ನು ಸಭೆಯ ಕೋಣೆಯಲ್ಲಿ ಸೋಲಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಕ್ರಿಕೆಟ್ಟಿನಲ್ಲಿ ಇನ್ನೊಂದು ಸಿಗಲಾರದು.

ಏಕಪಕ್ಷೀಯ ಪಂದ್ಯಗಳನ್ನು ಯಾರು ನೋಡುತ್ತಾರೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಹತ್ತು ತಂಡಗಳ 2023ರ ವಿಶ್ವಕಪ್ಪನ್ನೇ ನೋಡೋಣ. ವಾಂಖೆಡೆಯಲ್ಲಿ ಶ್ರೀಲಂಕಾ ಭಾರತದೆದುರು 55ಕ್ಕೆ ಆಲೌಟ್ ಆಯಿತು. ಮೂರು ದಿನ ಬಿಟ್ಟು ಈಡನ್ ಗಾರ್ಡನ್ಸ್‌ನಲ್ಲಿ ದಕ್ಷಿಣ ಆಫ್ರಿಕಾ 83ಕ್ಕೆ. ಇವು ಒಮ್ಮೆ ಕಪ್ ಗೆದ್ದ ತಂಡ, ಅದೇ ಟೂರ್ನಿಯ ಸೆಮಿಫೈನಲ್ ತಲುಪಿದ ತಂಡ. ಇದಕ್ಕಾಗಿ ಇವರನ್ನು ಹೊರಗಿಡಿ ಎಂದು ಯಾರಾದರೂ ಬರೆದರೇ? ಅಡಿಲೇಡ್‌ನಲ್ಲಿ 36ಕ್ಕೆ ಉದುರಿದ ಭಾರತ ಅದೇ ಸರಣಿ ಗೆದ್ದು ಬಂದಿತು. ದೊಡ್ಡವರು ಹೀನಾಯವಾಗಿ ಸೋತರೆ ಅದು ಆ ದಿನದ ಆಟ, ಸಣ್ಣವರು ಸೋತರೆ ಅದು ಅವರ ಯೋಗ್ಯತೆ! 2023ರಲ್ಲಿ ಧರ್ಮಶಾಲಾದಲ್ಲಿ ನೆದರ್‌ಲೆಂಡ್ಸ್ ದಕ್ಷಿಣ ಆಫ್ರಿಕಾವನ್ನು ಸೋಲಿಸಿತು, ಅಫ್ಗಾನಿಸ್ತಾನ ಇಂಗ್ಲೆಂಡ್, ಪಾಕಿಸ್ತಾನ, ಶ್ರೀಲಂಕಾ ಮೂವರನ್ನೂ ಕೆಡವಿತು. ಟೂರ್ನಿಯ ಬಣ್ಣ ಉಳಿದದ್ದು ಇಂಥ ಪಂದ್ಯಗಳಿಂದ. ಆದರೆ ಉದ್ಘಾಟನೆಯ ದಿನ ಅಹಮದಾಬಾದಿನಲ್ಲಿ ಇಂಗ್ಲೆಂಡ್–ನ್ಯೂಜಿಲೆಂಡ್ ಪಂದ್ಯಕ್ಕೆ ಬಹುಪಾಲು ಆಸನಗಳು ಖಾಲಿ ಹೊಡೆಯುತ್ತಿದ್ದವು. ಹಿಂದಿನ ವಿಶ್ವಕಪ್ಪಿನ ಫೈನಲ್ ಆಡಿದವರೇ ಆ ಇಬ್ಬರು. ಸಣ್ಣ ತಂಡಗಳಿಗೆ ಪ್ರೇಕ್ಷಕರಿಲ್ಲ ಅನ್ನುವವರು ದೊಡ್ಡ ತಂಡಗಳಿಗೂ ನಮ್ಮಲ್ಲಿ ಪ್ರೇಕ್ಷಕರಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಇರುವುದು ಭಾರತದ ಪ್ರೇಕ್ಷಕರು. ಚೆನ್ನೈಯಲ್ಲಿ 1999ರಲ್ಲಿ ಹನ್ನೆರಡು ರನ್‌ಗಳಿಂದ ಗೆದ್ದ ಪಾಕಿಸ್ತಾನಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದವರು, 2015ರಲ್ಲಿ ಚಿನ್ನಸ್ವಾಮಿಯಲ್ಲಿ ಎದುರಾಳಿ ಡಿವಿಲಿಯರ್ಸ್ ಹೆಸರು ಹಿಡಿದು ಕೂಗಿದವರು ನಮ್ಮವರೇ ಎಂಬುದು ಮಾತ್ರ ಸಮಾಧಾನ.

ದುರ್ಬಲರು ದುರ್ಬಲರಾಗಿಯೇ ಉಳಿಯುತ್ತಾರೆ ಎಂದು ನಂಬುವ ಹಕ್ಕು ಯಾರಿಗಿದ್ದರೂ ನಮಗಿಲ್ಲ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಗೆದ್ದದ್ದು 1952ರಲ್ಲಿ, ಅದೂ ತವರಿನಲ್ಲಿ. ಪರದೇಶದಲ್ಲಿ ಮೊದಲ ಗೆಲುವಿಗೆ 1968ರ ಡನೇಡಿನ್‌ವರೆಗೆ ಕಾಯಬೇಕಾಯಿತು. ಮೊದಲ ಎರಡು ವಿಶ್ವಕಪ್ಪುಗಳಲ್ಲಿ ನಮ್ಮ ಒಟ್ಟು ಗಳಿಕೆ ಒಂದು ಗೆಲುವು, ಪೂರ್ವ ಆಫ್ರಿಕಾದ ಮೇಲೆ. 1979ರಲ್ಲಿ ಇನ್ನೂ ಟೆಸ್ಟ್ ಮಾನ್ಯತೆ ಸಿಗದಿದ್ದ ಶ್ರೀಲಂಕಾಕ್ಕೂ ಸೋತೆವು. ಈಗಿನ ವಾದದ ಪ್ರಕಾರ ಅಂಥ ತಂಡವನ್ನು 1983ಕ್ಕೆ ಕರೆಯಲೇಬಾರದಿತ್ತು. ಕರೆದರು. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ನಮ್ಮ ರೋಜರ್ ಬಿನ್ನಿ. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಭಾರತವನ್ನು 17ಕ್ಕೆ 5 ಮಾಡಿ ಉಸಿರು ಕಟ್ಟಿಸಿದ ತಂಡ ಯಾವುದು? ಟೆಸ್ಟ್ ಮಾನ್ಯತೆಯಿಲ್ಲದ ಜಿಂಬಾಬ್ವೆ, ಅದೇ ಟೂರ್ನಿಯಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ್ದವರು. ಕಪಿಲ್ ದೇವ್ ಅವರ ಅಜೇಯ 175, ಇನ್ನೊಂದು ತುದಿಯಲ್ಲಿ ಕಿರ್ಮಾನಿ ಅವರ ತಾಳ್ಮೆ, ಇವೆರಡನ್ನೂ ಹೊಗಳುತ್ತಾ ಅದಕ್ಕೆ ಕಾರಣವಾದ ಎದುರಾಳಿಯಂಥವರು ಬೇಡ ಅನ್ನುವುದು ಹೇಗೆ ಸರಿ?

ಇನ್ನು ದುಡ್ಡಿನ ವಾದ. ಅತ್ಯಂತ ಬಲವಾದ ಆಕ್ಷೇಪ ಇದೇ, ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಐಸಿಸಿಯ ಪ್ರಸಾರ ಹಕ್ಕಿನ ಹಣದಲ್ಲಿ ಬಹುಪಾಲು ಭಾರತದ ಮಾರುಕಟ್ಟೆಯಿಂದ ಬರುವುದು ನಿಜ. 1993ರವರೆಗೆ ಇಂಗ್ಲೆಂಡ್, ಆಸ್ಟ್ರೇಲಿಯಾ ವೀಟೊ ಹಿಡಿದು ಆಡಳಿತ ನಡೆಸಿದ ಕಾಲದಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ ಎಂಬ ಸಿಟ್ಟೂ ನ್ಯಾಯವಾದದ್ದೇ. ಈ ಸಿಟ್ಟು ತೀರಿಸಿಕೊಳ್ಳುತ್ತಿರುವುದು ಯಾರ ಮೇಲೆ ಎಂಬುದು ಪ್ರಶ್ನೆ. 2024–27ರ ಹಂಚಿಕೆಯಲ್ಲಿ ಬಿಸಿಸಿಐಗೆ ಶೇ 38.5ರಷ್ಟು ಪಾಲು ಎಂದು ವರದಿಯಾಯಿತು. ವೀಟೊ ಹಿಡಿದಿದ್ದ ಇಂಗ್ಲೆಂಡ್ ಶೇ 7ರ ಹತ್ತಿರ ಪಡೆದು ಎರಡನೇ ಸ್ಥಾನದಲ್ಲೇ ಇದೆ, ಮೂರನೆಯದು ಆಸ್ಟ್ರೇಲಿಯಾ. ತೊಂಬತ್ತಕ್ಕೂ ಹೆಚ್ಚು ಸಹ ಸದಸ್ಯ ರಾಷ್ಟ್ರಗಳಿಗೆ ಎಲ್ಲ ಸೇರಿ ಸಿಗುವುದು ಶೇ 11ರ ಆಸುಪಾಸು. ಹಳೆಯ ಒಡೆಯರಿಗೆ ಹೆಚ್ಚೇನೂ ನೋವಾಗಿಲ್ಲ, ಏಟು ಬಿದ್ದದ್ದು ನೇಪಾಳ, ನಮೀಬಿಯಾಗಳಿಗೆ, ನಮಗೆ ಎಂದೂ ಅನ್ಯಾಯ ಮಾಡದವರಿಗೆ. ಜೊತೆಗೆ, ಭಾರತದ ಮಾರುಕಟ್ಟೆಯ ಫಲವನ್ನು ಬಿಸಿಸಿಐ ಈಗಾಗಲೇ ಬೇರೆ ದಾರಿಗಳಲ್ಲಿ ಪಡೆಯುತ್ತಿದೆ. ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು ಹೋದದ್ದು ₹48,390 ಕೋಟಿಗೆ, ತವರಿನ ಸರಣಿಗಳ ಹಣವೂ ಅದರದೇ. ವಿಶ್ವಕಪ್ ಮಾತ್ರ ಎಲ್ಲರ ಸೊತ್ತು. ಊರ ಜಾತ್ರೆಗೆ ಹೆಚ್ಚು ಚಂದಾ ಎತ್ತಿದ ಕೇರಿಯವರು ತೇರನ್ನು ತಮ್ಮ ಬೀದಿಯಲ್ಲೇ ನಿಲ್ಲಿಸಿಕೊಂಡ ಹಾಗೆ ಆಗಬಾರದು.

ಆಗುತ್ತಿರುವುದು ಅದೇ. 2024ರ ಟಿ20 ವಿಶ್ವಕಪ್ಪಿನಲ್ಲಿ ಭಾರತ ಸೆಮಿಫೈನಲ್ ತಲುಪಿದರೆ ಗಯಾನಾದಲ್ಲೇ ಆಡುತ್ತದೆ ಎಂದು ಮೊದಲೇ ಗೊತ್ತುಮಾಡಲಾಗಿತ್ತು, ನಮ್ಮ ಟೀವಿ ವೇಳೆಗೆ ಅದು ಅನುಕೂಲ. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಉಳಿದವರಲ್ಲಿ ಹಲವರು ಎರಡು ದೇಶಗಳ ನಡುವೆ ಓಡಾಡಿದರೆ ಭಾರತ ಎಲ್ಲ ಪಂದ್ಯಗಳನ್ನೂ ದುಬೈಯಲ್ಲೇ ಆಡಿತು. ದುಬೈಗೆ ರಾಜಕೀಯ ಕಾರಣವಿತ್ತು, ಅದನ್ನು ಬೇರೆಯಾಗಿ ಚರ್ಚಿಸಬಹುದು. ಎರಡೂ ಸಲ ಭಾರತ ಚೆನ್ನಾಗಿಯೇ ಆಡಿ ಗೆದ್ದಿತು, ಗೆಲುವಿಗೆ ಇಂಥ ಊರುಗೋಲು ಬೇಕಿರಲಿಲ್ಲ. ಅಭಿಮಾನಿಗೆ ಕಿರಿಕಿರಿಯಾಗಬೇಕಾದದ್ದು ಅಲ್ಲಿಯೇ.

ಮಾರುಕಟ್ಟೆಯ ಹೆಸರು ಹೇಳುವವರಿಗೆ ಮಾರುಕಟ್ಟೆಯಿಂದಲೇ ಇನ್ನೊಂದು ಉತ್ತರವಿದೆ. 2024ರ ಟಿ20 ವಿಶ್ವಕಪ್ಪಿಗೆ 20 ತಂಡಗಳನ್ನು ಕರೆದರು. ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ತೋಳಿನ ಮೇಲೆ ನಮ್ಮ ಕೆಎಂಎಫ್‌ನ ನಂದಿನಿ ಬಂತು. ಹಾಲು ಮೊಸರು ಮಾರುವ ಸಹಕಾರಿ ಮಹಾಮಂಡಳಕ್ಕೆ ಕಂಡ ಲಾಭ ಕ್ರಿಕೆಟ್ ಆಡಳಿತಕ್ಕೆ ಯಾಕೆ ಕಾಣಲಿಲ್ಲವೋ! ಡಲ್ಲಾಸ್‌ನಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದಾಗ 30 ರನ್ನಿಗೆ ಮೂರು ವಿಕೆಟ್ ಕಿತ್ತವರು ನಾಸ್ತುಷ್ ಕೆಂಜಿಗೆ. ಹುಟ್ಟಿದ್ದು ಅಲಬಾಮಾದಲ್ಲಿ, ಮನೆಯವರ ಕಾಫಿ ತೋಟ ಇರುವುದು ಚಿಕ್ಕಮಗಳೂರು ಸೀಮೆಯಲ್ಲಿ. ಎಲ್ಲರೂ ಎಲ್ಲರೊಂದಿಗೆ ಆಡುವ ಪದ್ಧತಿಯೇ ಅತ್ಯಂತ ನ್ಯಾಯದ್ದು ಅನ್ನುವ ವಾದವೂ ಒಂದಿದೆ. ಒಳಗೆ ಬಂದವರ ನಡುವೆ ಅದು ನ್ಯಾಯವೇ, ಬಾಗಿಲ ಹೊರಗೆ ನಿಂತವರಿಗೆ ಅದರಿಂದ ಏನು ಬಂತು? 2023ರಲ್ಲಿ ಆ ಬಾಗಿಲಲ್ಲಿ ನಿಂತವರಲ್ಲಿ ಮೊದಲ ಎರಡು ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ ಕೂಡ ಇತ್ತು. ಹರಾರೆಯಲ್ಲಿ ಸ್ಕಾಟ್ಲೆಂಡಿಗೆ ಸೋತು, ಮೊದಲ ಬಾರಿಗೆ ವಿಶ್ವಕಪ್ಪಿಗೇ ಬರಲಾಗಲಿಲ್ಲ. ಹತ್ತರ ಲೆಕ್ಕ ಇಟ್ಟುಕೊಂಡರೆ ಮುಂದೆ ಯಾರ ಸರದಿಯೂ ಬರಬಹುದು.

2027ರ ಏಕದಿನ ವಿಶ್ವಕಪ್ಪಿಗೆ ಮತ್ತೆ 14 ತಂಡಗಳು. ಆತಿಥೇಯರು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾ. ಮೊದಲಿಬ್ಬರು ಪೂರ್ಣ ಸದಸ್ಯರಾದ್ದರಿಂದ ಅವರಿಗೆ ನೇರ ಪ್ರವೇಶ. ನಮೀಬಿಯಾ ಮೈದಾನ ಕೊಡಬೇಕು, ಅತಿಥಿಗಳನ್ನು ನೋಡಿಕೊಳ್ಳಬೇಕು, ತನ್ನದೇ ನೆಲದಲ್ಲಿ ಆಡಬೇಕಾದರೆ ಮಾತ್ರ ಅರ್ಹತಾ ಸುತ್ತಿನಲ್ಲಿ ಗೆದ್ದು ಬರಬೇಕು.