ಜಾರುವ ದಿಮ್ಮಿಯ ದೃಷ್ಟಾಂತ

ಭೂಕಂಪದಲ್ಲಿ ಮಣ್ಣಿನ ಕಟ್ಟೆಯು ನಿಂತಿತೇ ಬಿದ್ದಿತೇ ಎಂದು ಕೇಳುವುದಕ್ಕಿಂತ ಎಷ್ಟು ಸರಿಯಿತು ಎಂದು ಕೇಳುವುದೇ ಯುಕ್ತವೆಂಬ ವಿಚಾರವನ್ನು ನೆಲೆಗೊಳಿಸಿದವರು ನೇಥನ್ ನ್ಯೂಮಾರ್ಕರು. 1965ರ ರ್‍ಯಾಂಕಿನ್ ಉಪನ್ಯಾಸದಲ್ಲಿ ಅವರು ಕೊಟ್ಟ ದೃಷ್ಟಾಂತವು ಸರಳವಾದುದು. ಜಾರತಕ್ಕ ಮಣ್ಣಿನ ರಾಶಿಯನ್ನು ಇಳಿಜಾರಿನ ಮೇಲಿಟ್ಟ ದಿಮ್ಮಿಯೆಂದು ಭಾವಿಸಬೇಕು. ನೆಲದ ವೇಗೋತ್ಕರ್ಷವು ಒಂದು ಮಿತಿಯನ್ನು ದಾಟಿದಾಗ ಅದು ಜಾರತೊಡಗುವುದು, ನೆಲದ ವೇಗವೂ ತನ್ನ ವೇಗವೂ ಮತ್ತೆ ಸಮವಾದಾಗ ನಿಲ್ಲುವುದು. ಈ ಬಿಡಿ ಜಾರಿಕೆಗಳ ಮೊತ್ತವೇ ಕಟ್ಟೆಯ ಸ್ಥಾನಪಲ್ಲಟ.

ಈ ಲೆಕ್ಕದಲ್ಲಿ ಬಲವರ್ಧನೆಯ ಕಾರ್ಯವು ಸ್ಪಷ್ಟವಾಗಿಯೇ ಇದೆ. 1960ರ ದಶಕದಲ್ಲಿ ಫ್ರಾನ್ಸಿನ ಆನ್ರಿ ವಿದಾಲರು ಮಣ್ಣಿನ ಪದರಗಳ ನಡುವೆ ಲೋಹದ ಪಟ್ಟಿಗಳನ್ನು ಹಾಸುವ ಕ್ರಮವನ್ನು ಬಳಕೆಗೆ ತಂದರು. ಬಳಿಕ ಪ್ಲಾಸ್ಟಿಕ್ ಜಾಲರಿಗಳೂ ಬಂದುವು. ಪಟ್ಟಿಯು ಎಳೆತವನ್ನು ಹೊರುವುದರಿಂದ ಮಿತಿಯು ಏರುವುದು, ಜಾರಿಕೆಯು ತಗ್ಗುವುದು. ಆದರೆ ‘ಬಲಪಡಿಸಿದ ಮಣ್ಣು’ ಎಂಬ ಮಾತು ಇಲ್ಲಿ ತುಸು ಮೋಸಗೊಳಿಸತಕ್ಕುದು. ಮಣ್ಣಿನ ಕಣಗಳಿಗೆ ಹೊಸ ಬಲವೇನೂ ಬಂದಿರುವುದಿಲ್ಲ. ಮಣ್ಣು ಕೊಂಚ ಹಿಗ್ಗಿದ ಹೊರತು ಪಟ್ಟಿಗೆ ಬಿಗಿ ಬಾರದು. ಅಂದರೆ ವಿಕಾರವನ್ನು ತಡೆಯಬೇಕಾದ ಸಾಧನವೇ ಮೊದಲು ಕಿಂಚಿತ್ತು ವಿಕಾರವನ್ನು ಬೇಡುವುದು. ಪಟ್ಟಿಯನ್ನು ಹಿಡಿದಿರುವುದಾದರೋ ಮಣ್ಣಿನ ಘರ್ಷಣೆಯೇ.

ನಮ್ಮ ಆಕ್ಷೇಪಕ್ಕೆ ಎಡೆಯಿರುವುದು ಈ ಘರ್ಷಣೆಯಲ್ಲಿ. ದಿಮ್ಮಿಯ ತಳದ ಹಿಡಿತವು ಕಂಪನದುದ್ದಕ್ಕೂ ಒಂದೇ ಸಮನಾಗಿರುವುದೆಂದು ಸರಳ ದೃಷ್ಟಾಂತವು ಅಂಗೀಕರಿಸುತ್ತದೆ. ನೀರು ತುಂಬಿದ ಸಡಿಲ ಮರಳಿನಲ್ಲಿ ಹಾಗಲ್ಲ. ಅಲುಗಾಟದಿಂದ ಕಣಗಳ ನಡುವಣ ನೀರಿನ ಒತ್ತಡವು ಏರಿ, ಕಣಗಳು ಒಂದನ್ನೊಂದು ಅದುಮಿ ಹಿಡಿದಿರುವ ಬಲವು ಕಳೆದು, ಮರಳು ದ್ರವದಂತಾಗುವುದು. ಆಗ ಪಟ್ಟಿಯು ಹರಿಯದೆಯೇ ನಿರರ್ಥಕವಾಗುವುದು. ದೋಷವು ನ್ಯೂಮಾರ್ಕರದಲ್ಲ, ದೃಷ್ಟಾಂತವನ್ನು ಅದರ ಎಲ್ಲೆಯಾಚೆಗೆ ಎಳೆದವರದು. ಜಾಲರಿಯಿಂದ ವಿಕಾರವು ಇಷ್ಟು ತಗ್ಗಿತೆಂದು ಬರೆಯುವವರು ನೀರಿನ ಒತ್ತಡವನ್ನು ಎಷ್ಟೆಂದು ಹಿಡಿದರೆಂಬುದನ್ನು ಮೊದಲು ಹೇಳಬೇಕು.

1971ರ ಫೆಬ್ರವರಿ 9ರಂದು ಕ್ಯಾಲಿಫೋರ್ನಿಯದ ಕೆಳ ಸ್ಯಾನ್ ಫರ್ನಾಂಡೋ ಕಟ್ಟೆಯ ನೀರಿನ ಕಡೆಯ ಮೈ ಜಲಾಶಯದೊಳಕ್ಕೆ ಜಾರಿತು. ಮಣ್ಣನ್ನು ನೀರಿನೊಡನೆ ಹರಿಯಿಸಿ ತುಂಬಿದ್ದ ಹಳೆಯ ಕಟ್ಟೆ ಅದು. ಬಿರಿದ ಮಣ್ಣು ಸುಮಾರು ಒಂದೂವರೆ ಮೀಟರಿನಷ್ಟು ಮಾತ್ರ ನೀರಿನ ಮೇಲೆ ಉಳಿಯಿತು; ಕೆಳಗಿದ್ದ ಸುಮಾರು 80,000 ಜನ ಮನೆಬಿಡಬೇಕಾಯಿತು. ಕಟ್ಟೆಯ ಮೇಲಿದ್ದ ಕಂಪನಲೇಖವನ್ನು ಪರಿಶೀಲಿಸಿದ ಬೋಲ್ಟನ್ ಸೀಡ್ ಮೊದಲಾದವರು, ಮುಖ್ಯ ಜಾರಿಕೆಯು ಪ್ರಬಲ ಕಂಪನವು ನಿಂತ ಬಳಿಕ ಆಯಿತೆಂದು ನಿರ್ಣಯಿಸಿದರು. ದಿಮ್ಮಿಯ ಲೆಕ್ಕದಂತೆ ಎಲ್ಲವೂ ನಿಲ್ಲಬೇಕಾಗಿದ್ದ ಹೊತ್ತಿನಲ್ಲಿ ಕಟ್ಟೆಯು ಹೊರಟಿತು!

ನಮ್ಮ ದೇಶದಲ್ಲಿಯೂ ನಿದರ್ಶನವುಂಟು. 2001ರ ಜನವರಿ 26ರ ಭೂಕಂಪದಲ್ಲಿ ಕಚ್ಛದ ಚಾಂಗ್ ಕಟ್ಟೆಯು ಕುಸಿದುದು ಅಡಿಯ ಮೆಕ್ಕಲು ಮಣ್ಣು ಹೀಗೆ ದ್ರವಿಸಿದುದರಿಂದ. ಅಂತಹ ಅಡಿಯನ್ನು ಗಟ್ಟಿಸದೆ, ಒಳಗಣ ನೀರಿಗೆ ಹೊರದಾರಿ ಕೊಡದೆ, ಮೇಲಣ ಏರಿಯಲ್ಲಿ ಜಾಲರಿಗಳನ್ನು ಹಾಸುವುದರಿಂದ ಹೆಚ್ಚಿನ ಫಲವಿಲ್ಲ. ಆ ವರ್ಷ ಅಲ್ಲಿಯ ಜಲಾಶಯಗಳಲ್ಲಿ ನೀರು ಬಹಳ ಕಡಮೆಯಿತ್ತು; ಆದುದರಿಂದ ಪ್ರವಾಹವಾಗಲಿಲ್ಲ.