ನಗು ಇಳಿಯುವವರೆಗೆ

ಮಂಗಳೂರಿನ ಹಾಸ್ಯನಟರು ಪಳಗಿದ್ದು ತುಳು ನಾಟಕದ ರಂಗದಲ್ಲಿ. 1971ರ ‘ಎನ್ನ ತಂಗಡಿ’ಯಿಂದಲೂ ತುಳು ಸಿನಿಮಾ ಇತ್ತು, ನಿಜ. ಆದರೆ ನಾಟಕದ ನಗುವನ್ನು ಥಿಯೇಟರಿಗೆ ಹಾಗೇ ಹೊತ್ತು ತಂದದ್ದು 2011ರ ‘ಒರಿಯರ್ದೊರಿ ಅಸಲ್’. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕವೇ ಸಿನಿಮಾ ಆಯಿತು. ರಂಗದಲ್ಲಿ ಹೆಸರು ಮಾಡಿದ್ದ ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ್ ವಾಮಂಜೂರು ಪರದೆಯನ್ನೂ ಗೆದ್ದರು.

ನಾಟಕದಲ್ಲಿ ಜನರ ನಗು ಇಳಿಯುವವರೆಗೆ ನಟ ಕಾಯುತ್ತಾನೆ. ಕ್ಯಾಮೆರಾ ಮುಂದೆ ನಗುವವರೇ ಇಲ್ಲ. ಆದರೂ ಬೋಳಾರ್ ಮಾತನ್ನು ಅರ್ಧಕ್ಕೆ ತಡೆದು, ಕಣ್ಣರಳಿಸಿ, ಎದುರಿನವರ ಮುಖ ನೋಡುತ್ತಾರೆ. ಅಷ್ಟಕ್ಕೇ ಥಿಯೇಟರ್ ಬಿದ್ದು ಬಿದ್ದು ನಗುತ್ತದೆ. ಉಳಿದ ಮಾತು ಆಮೇಲೆ. ಎಂಥ ಲೆಕ್ಕಾಚಾರ ಅದು! ಪಡೀಲರದು ಬೇರೆ ದಾರಿ. ತುಳುವರು ಅವರನ್ನು ‘ಕುಸಲ್ದ ಅರಸೆ’, ಅಂದರೆ ಹಾಸ್ಯದ ಅರಸ, ಎಂದು ಕರೆದರು. ನನಗಂತೂ ನಗಿಸುತ್ತಲೇ ಕಣ್ಣು ತೇವವಾಗಿಸುವ ಪಡೀಲರೇ ಹೆಚ್ಚು ಇಷ್ಟ.